ಹಳೆಯ ಕಾರಿನ ಕಾಲು ನೋಡಿ

ಚಿಕ್ಕಂದಿನಲ್ಲಿ ಒಮ್ಮೆ ತಾತನ ಸಂಗಡ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿದ್ದೆ. ಒಂದು ಜೋಡಿ ಎತ್ತು ನನ್ನ ಕಣ್ಣು ಸೆಳೆದುಬಿಟ್ಟಿತು. ಕೆಂಪು ಬಣ್ಣ ಬಳಿದ ಕೊಂಬು, ತುದಿಯಲ್ಲಿ ಹಿತ್ತಾಳೆಯ ಕಳಶ, ಕೊರಳಲ್ಲಿ ಗೆಜ್ಜೆಯ ಸರ. “ತಾತ, ಇದೇ ಇರಲಿ” ಎಂದು ಪಂಚೆಯ ಅಂಚು ಹಿಡಿದು ಎಳೆದೆ. ತಾತ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸಿದರು. ಮೈಮೇಲಿನ ಸುಳಿ ನೋಡಿದರು. ಕೊನೆಗೆ ಧೂಳಿನಲ್ಲಿ ಕುಕ್ಕರಿಸಿ ಒಂದೊಂದೇ ಗೊರಸನ್ನು ಎತ್ತಿ ನೋಡಿದರು. ಆಮೇಲೆ ಮೌನವಾಗಿ ಎದ್ದು ಮುಂದಕ್ಕೆ ನಡೆದರು. ನನ್ನ ಮುಖ ಬಾಡಿದ್ದನ್ನು ಕಂಡು, “ಕೊಂಬಿನ ಬಣ್ಣ ನೋಡ್ಬೇಡ ಮಗ, ಕಾಲು ನೋಡು. ಗಾಡಿ ಎಳೆಯೋದು ಕೊಂಬಲ್ಲ” ಎಂದರು.

ಈ ಮಾತು ನನಗೆ ಮತ್ತೆ ನೆನಪಾದದ್ದು ಎತ್ತಿನ ಮುಂದೆ ಅಲ್ಲ, ಕಾರಿನ ಮುಂದೆ. ಅದೂ ಸಮುದ್ರದಾಚೆ, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ. ಅಲ್ಲಿ ಉದ್ಯೋಗದಲ್ಲಿರುವ ನನ್ನ ಭಾವಮೈದುನ ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮನ್ನು ಕರೆಸಿಕೊಂಡಿದ್ದ. ವಿಮಾನ ನಿಲ್ದಾಣದಿಂದ ಮನೆ ಸೇರುವ ಮೊದಲೇ ಅವನು ತನ್ನ ಮನಸ್ಸಿನ ಮಾತನ್ನು ಹೊರಗೆಡವಿದ.

“ಭಾವ, ನಾನೊಂದು ಕಾರು ನೋಡಿದ್ದೇನೆ. ಹಳೆಯದು. ಎಂ.ಜಿ.ಬಿ. ಬನ್ನಿ, ನೀವೂ ಒಮ್ಮೆ ನೋಡಿಬಿಡಿ.”

“ಕನ್ನಡ ಪಾಠ ಹೇಳುವವನು ಕಾರು ನೋಡಿ ಏನು ಹೇಳಲಯ್ಯ?” ಎಂದೆ.

“ನಾನು ಸೋತುಹೋಗಿದ್ದೇನೆ ಭಾವ. ಸೋಲದವರೊಬ್ಬರು ಜೊತೆಗಿರಬೇಕು.”

ಹಳೆಯ ಕಾರು ಕೊಳ್ಳಲು ಹೊರಟವರೆಲ್ಲರೂ ಮೊದಲು ಒಪ್ಪಿಕೊಳ್ಳಬೇಕಾದ ಸತ್ಯವನ್ನು ಅವನು ಒಂದೇ ಮಾತಿನಲ್ಲಿ ಹೇಳಿದ್ದ. ಐದು ವರ್ಷ ಕೂಡಿಟ್ಟ ಹಣ ಅವನ ಕೈಯಲ್ಲಿತ್ತು. ಆರು ವರ್ಷದ ಮಗಳು ಆ ಕೆಂಪು ಕಾರಿಗೆ ಆಗಲೇ ಒಂದು ಹೆಸರನ್ನೂ ಇಟ್ಟಾಗಿತ್ತು.

ನಮ್ಮ ಅಂಬಾಸಡರಿನ ದಾಯಾದಿ

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ಸೈಕಲ್ ಅಂಗಡಿಯಿಂದ ಮೇಲಕ್ಕೆ ಬಂದ ವಿಲಿಯಂ ಮಾರಿಸನ ಉದ್ಯಮದಲ್ಲಿ ಹುಟ್ಟಿದ ಹೆಸರು ಅದು. ಎಂ.ಜಿ.ಬಿ. ಕಾರುಗಳು 1962ರಿಂದ 1980ರವರೆಗೆ, ಆಕ್ಸ್‌ಫರ್ಡಿಗೆ ಕೆಲವೇ ಮೈಲಿ ದೂರದ ಅಬಿಂಗ್‌ಡನ್ ಎಂಬ ಊರಿನಲ್ಲಿ ತಯಾರಾದವು. ಐದು ಲಕ್ಷಕ್ಕೂ ಮಿಕ್ಕು ಕಾರುಗಳು ಅಲ್ಲಿಂದ ಹೊರಬಿದ್ದವು. ಬಹುಪಾಲು ಅಮೆರಿಕಕ್ಕೆ ಹೋದವು. ಎರಡೇ ಆಸನ, ಮಡಿಸಿ ಹಿಂದಕ್ಕೆ ಹಾಕಬಹುದಾದ ಬಟ್ಟೆಯ ಚಾವಣಿ, ನೆಲಕ್ಕೆ ಹತ್ತಿರವಾದ ಕೂರುವ ಜಾಗ: ಇದು ಅದರ ರೂಪ. 1965ರಲ್ಲಿ ತಗಡಿನ ಚಾವಣಿಯೂ ಹಿಂದೆ ಪುಟ್ಟ ಆಸನವೂ ಇರುವ ಜಿ.ಟಿ. ಎಂಬ ಇನ್ನೊಂದು ಬಗೆ ಬಂದಿತು.

ಇದರಲ್ಲಿ ನಮಗೂ ಒಂದು ನಂಟುಂಟು. ನಮ್ಮ ರಸ್ತೆಗಳಲ್ಲಿ ಅರ್ಧ ಶತಮಾನಕ್ಕೂ ಮೀರಿ ಓಡಿದ ಅಂಬಾಸಡರ್ ಕಾರಿನ ಮೂಲ ಅದೇ ಮಾರಿಸ್ ಮನೆತನದ ‘ಮಾರಿಸ್ ಆಕ್ಸ್‌ಫರ್ಡ್’. ಅಂಬಾಸಡರಿನಲ್ಲಿ ಬಹುಕಾಲ ದುಡಿದ 1489 ಸಿ.ಸಿ. ಎಂಜಿನ್ನೂ ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ನೂ ಒಂದೇ ಬಳ್ಳಿಯ ಕಾಯಿಗಳು. ನಮ್ಮಲ್ಲಿ ಮದುವೆಯ ದಿಬ್ಬಣವನ್ನು ಹೊತ್ತ ವಂಶವೇ ಅಲ್ಲಿ ಹರೆಯದವರನ್ನು ಸಮುದ್ರತೀರಕ್ಕೆ ಹೊತ್ತಿತು ಎನ್ನಬಹುದು. ಅಂಬಾಸಡರನ್ನು ಬಿಚ್ಚಿ ಜೋಡಿಸಬಲ್ಲ ನಮ್ಮೂರ ಮೇಸ್ತ್ರಿಯನ್ನು ಈ ಕಾರಿನ ಮುಂದೆ ನಿಲ್ಲಿಸಿದರೆ ಅವನಿಗೆ ಬಹಳವೇನೂ ಹೊಸದೆನಿಸಲಾರದು.

ಈ ಸರಳತೆಯೇ ಇಂದಿಗೂ ಅದನ್ನು ಕೊಳ್ಳುವವರ ಧೈರ್ಯ. ಬಿಡಿಭಾಗಗಳಿಗೆ ಬರವಿಲ್ಲ. 1988ರಿಂದ ಹಳೆಯ ಅಚ್ಚುಗಳಲ್ಲಿಯೇ ಇಡೀ ಹೊಸ ದೇಹವನ್ನು ಒತ್ತಿ ಮಾರುವ ಏರ್ಪಾಡೂ ಆಗಿದೆ. ಆದಕಾರಣ, ‘ಸಿಕ್ಕೀತೇ?’ ಎಂಬುದು ಇಲ್ಲಿಯ ಪ್ರಶ್ನೆಯಲ್ಲ, ‘ಎಷ್ಟು ಬದಲಾಯಿಸಬೇಕಾದೀತು?’ ಎಂಬುದು ಪ್ರಶ್ನೆ.

ಸರ್ಕಾರ ಕಣ್ಣುಮುಚ್ಚಿದಾಗ

ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ವರ್ಷಕ್ಕೊಮ್ಮೆ ಕಡ್ಡಾಯ ಪರೀಕ್ಷೆಯುಂಟು. ಬ್ರೇಕು, ದೀಪ, ಟೈರು, ತುಕ್ಕು ಎಲ್ಲವನ್ನೂ ನೋಡಿ ಚೀಟಿ ಕೊಡುತ್ತಾರೆ. ಆದರೆ 2018ರ ಮೇ 20ರಿಂದ, ನಲವತ್ತು ವರ್ಷ ದಾಟಿದ, ಮೂಲರೂಪವನ್ನು ಹೆಚ್ಚಾಗಿ ಬದಲಿಸದ ವಾಹನಗಳಿಗೆ ಈ ಪರೀಕ್ಷೆಯಿಂದ ವಿನಾಯಿತಿ ದೊರೆತಿದೆ. ಎಂ.ಜಿ.ಬಿ.ಯ ತಯಾರಿಕೆ 1980ರಲ್ಲೇ ನಿಂತದ್ದರಿಂದ ಇಂದು ಆ ಕಾರುಗಳೆಲ್ಲಾ ಬಹುಮಟ್ಟಿಗೆ ಈ ವಿನಾಯಿತಿಯೊಳಗೇ ಬರುತ್ತವೆ.

ಮಾರುವವನು ಇದನ್ನು ಒಂದು ಸೌಕರ್ಯವೆಂಬಂತೆ ಹೇಳುತ್ತಾನೆ. ಕೊಳ್ಳುವವನು ಅದನ್ನು ಎಚ್ಚರಿಕೆಯೆಂದು ಕೇಳಿಸಿಕೊಳ್ಳಬೇಕು. ಪರೀಕ್ಷೆ ತಪ್ಪಿತು, ಹೊಣೆ ತಪ್ಪಲಿಲ್ಲ. ರಸ್ತೆಗೆ ಇಳಿಸುವ ಕಾರು ಸುಸ್ಥಿತಿಯಲ್ಲಿರಬೇಕೆಂಬ ಕಾನೂನು ಯಜಮಾನನ ತಲೆಯ ಮೇಲೆ ಹಾಗೆಯೇ ಇದೆ. ಜಾಣರಾದವರು ವಿನಾಯಿತಿಯಿದ್ದರೂ ಸ್ವಂತ ಇಚ್ಛೆಯಿಂದ ಪರೀಕ್ಷೆ ಮಾಡಿಸುತ್ತಾರೆ. ಹಿಂದಿನ ಪರೀಕ್ಷೆಗಳ ದಾಖಲೆಯನ್ನು ಸರ್ಕಾರದ ಅಂತರ್ಜಾಲ ಪುಟದಲ್ಲಿ ಯಾರು ಬೇಕಾದರೂ ನೋಡಬಹುದು. ಕಾರು ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಏತಕ್ಕಾಗಿ ಅನುತ್ತೀರ್ಣವಾಯಿತು ಎಂಬುದೆಲ್ಲ ಅಲ್ಲಿ ವಿದ್ಯಾರ್ಥಿಯ ಅಂಕಪಟ್ಟಿಯಂತೆ ಕಾಣುತ್ತದೆ.

ಭಾವಮೈದುನನ ನೆರೆಮನೆಯಲ್ಲಿ, ನಲವತ್ತು ವರ್ಷ ಗ್ಯಾರೇಜಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಇಂಗ್ಲಿಷ್ ವೃದ್ಧರಿದ್ದರು. ನಾನು ಮನಸ್ಸಿನಲ್ಲಿಯೇ ಅವರನ್ನು ಮೇಸ್ತ್ರಿಗಳೆಂದು ಕರೆದೆ. ಒಂದು ಭಾನುವಾರ ಬೆಳಿಗ್ಗೆ ಅವರನ್ನೂ ಕೂರಿಸಿಕೊಂಡು ಕೆಂಪು ಕಾರನ್ನು ನೋಡಲು ಹೊರಟೆವು. ಅವರ ಕೈಯಲ್ಲಿದ್ದ ಸಾಮಾನು ಮೂರೇ: ಒಂದು ಜಾಕಿ, ಒಂದು ಬ್ಯಾಟರಿ ದೀಪ, ಬಟ್ಟೆಯಲ್ಲಿ ಸುತ್ತಿದ ಒಂದು ಅಯಸ್ಕಾಂತ.

ಮೊದಲು ಹೊಸ್ತಿಲು, ಆಮೇಲೆ ಒಲೆ

ಕಾರು ನಿಜವಾಗಿಯೂ ಸುಂದರವಾಗಿತ್ತು. ಮಳೆ ನಿಂತ ಬಿಸಿಲಿನಲ್ಲಿ ದಾಳಿಂಬೆಯ ಕಾಳಿನಂತೆ ಹೊಳೆಯುತ್ತಿತ್ತು. ಮೇಸ್ತ್ರಿಗಳು ಅದರ ಮುಖವನ್ನು ನೋಡಲಿಲ್ಲ. ನೆಲದ ಮೇಲೆ ಚೀಲ ಹಾಸಿ ಮಲಗಿ ಬಾಗಿಲಿನ ಕೆಳಭಾಗವನ್ನು ನೋಡಿದರು.

ಲಾರಿಗೆ ಇರುವಂತೆ ಈ ಕಾರಿಗೆ ಬೇರೆ ಅಡಿಚೌಕಟ್ಟು ಇಲ್ಲ, ದೇಹವೇ ಚೌಕಟ್ಟು. ತೆರೆದ ಕಾರಿಗೆ ಚಾವಣಿಯ ಬಲವೂ ಇಲ್ಲ. ಹೀಗಾಗಿ ಬಾಗಿಲಿನ ಕೆಳಗೆ, ಮನೆಯ ಹೊಸ್ತಿಲಿನಂತೆ ಉದ್ದಕ್ಕೆ ಹೋಗಿರುವ ತಗಡಿನ ಪೆಟ್ಟಿಗೆಯೇ ಮುಂದನ್ನೂ ಹಿಂದನ್ನೂ ಹಿಡಿದಿಟ್ಟಿರುವ ಬೆನ್ನೆಲುಬು. ಚಕ್ರ ಎರಚಿದ ನೀರೂ, ಚಳಿಗಾಲದಲ್ಲಿ ಅಲ್ಲಿ ರಸ್ತೆಗೆ ಚೆಲ್ಲುವ ಉಪ್ಪೂ ಸೇರಿಕೊಳ್ಳುವುದು ಅದರೊಳಕ್ಕೇ. ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಹೊರಗೆ ಒಂದು ಗುಳ್ಳೆ ಕಾಣುವ ವೇಳೆಗೆ ಒಳಗೆ ಜೇಡರಬಲೆಯಾಗಿರುತ್ತದೆ. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಕಣ್ಣಿಗೆ ತಿಳಿಯದು. ಆದರೆ ಪುಟ್ಟಿಗೆ ಅಯಸ್ಕಾಂತ ಅಂಟದು.

ಇನ್ನೊಂದು ಪರೀಕ್ಷೆಯುಂಟು. ಬಾಗಿಲಿಗೂ ದೇಹಕ್ಕೂ ನಡುವಿನ ಸಂದನ್ನು ಮೊದಲು ನೋಡಿಕೊಂಡು, ಜಾಕಿಯಿಂದ ಒಂದು ಬದಿಯನ್ನು ಎತ್ತಬೇಕು. ಸಂದು ಕಿರಿದಾದರೆ, ಬಾಗಿಲು ಕಚ್ಚಿಕೊಂಡರೆ, ಬೆನ್ನೆಲುಬು ಬಾಗುತ್ತಿದೆಯೆಂದೇ ಅರ್ಥ. ಅಂಥ ಕಾರು ಎಷ್ಟೇ ಅಗ್ಗವಾದರೂ ದುಬಾರಿ. ಕೆಂಪು ಕಾರು ಇದರಲ್ಲಿ ಗೆದ್ದಿತು. ಭಾವಮೈದುನ ನನ್ನತ್ತ ತಿರುಗಿ ನಕ್ಕ.

ಎಂಜಿನ್ನಿನ ವಿಷಯ ಇಷ್ಟು ಕಠಿಣವಲ್ಲ. ಬಿಸಿಯಾಗಿ ಓಡುತ್ತಿರುವಾಗ ಎಣ್ಣೆಯ ಒತ್ತಡದ ಮುಳ್ಳು 50ರಿಂದ 80 ಪೌಂಡುಗಳ ನಡುವೆ ನಿಂತರೆ, ಹಿಂದೆ ನೀಲಿ ಹೊಗೆ ಬಾರದಿದ್ದರೆ ಅರ್ಧ ಚಿಂತೆ ಕಳೆಯಿತು. ಮಿಕ್ಕ ಅರ್ಧ ಪೆಟ್ರೋಲಿನದು. ಈ ಕಾರು ಹುಟ್ಟಿದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. 2000ದ ಆರಂಭಕ್ಕೆ ಬ್ರಿಟನ್ನಿನ ಬಂಕುಗಳಲ್ಲಿ ಅದರ ಸಾಮಾನ್ಯ ಮಾರಾಟ ನಿಂತಿತು. ಸೀಸವಿಲ್ಲದ ಪೆಟ್ರೋಲಿಗೆ ತಾಳುವಂತೆ ವಾಲ್ವುಗಳ ಪೀಠಕ್ಕೆ ಗಟ್ಟಿ ಉಕ್ಕಿನ ಬಳೆ ಕೂರಿಸಿದ್ದಾರೆಯೇ ಎಂದು ಕೇಳಬೇಕು. 2021ರ ಸೆಪ್ಟೆಂಬರಿನಿಂದ ಅಲ್ಲಿಯ ಸಾಧಾರಣ ಪೆಟ್ರೋಲಿಗೆ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆಸುತ್ತಾರೆ. ಅದು ಹಳೆಯ ರಬ್ಬರಿನ ಕೊಳವೆಗಳನ್ನು ಕೆಡಿಸುವುದರಿಂದ, ಕೊಳವೆಗಳನ್ನು ಬದಲಾಯಿಸಬೇಕು, ಎಥನಾಲ್ ಕಡಿಮೆಯಿರುವ ಮೇಲ್ದರ್ಜೆಯ ಪೆಟ್ರೋಲನ್ನೇ ಹಾಕಬೇಕು.

ಹೊಸ ಕಾರಿನ ಯಜಮಾನನಿಗೆ ತಿಳಿಯದ ಇನ್ನೊಂದು ಕರ್ತವ್ಯವೂ ಉಂಟು: ಗ್ರೀಸು. ಮುಂದಿನ ಚಕ್ರಗಳು ತಿರುಗುವ ಕೀಲುಗಳಾದ ಕಿಂಗ್‌ಪಿನ್ನುಗಳಿಗೆ 3,000 ಮೈಲಿಗೊಮ್ಮೆ ಗ್ರೀಸು ತುಂಬಲೇಬೇಕು. ಹಳೆಯ ಯಂತ್ರ ಹಳೆಯ ಅತ್ತೆಮ್ಮನಂತೆ. ಆಗಾಗ್ಗೆ ವಿಚಾರಿಸಿಕೊಳ್ಳುತ್ತಿದ್ದರೆ ಬಹುಕಾಲ ಗಟ್ಟಿಯಾಗಿರುತ್ತದೆ. ವಿಚಾರಿಸದಿದ್ದರೆ ಕೀಲು ಬಿಗಿದು, ಸವೆದು, ಸ್ಟೀರಿಂಗು ಭಾರವಾಗಿ ಎಲ್ಲರಿಗೂ ಸಾರಿ ಹೇಳುತ್ತದೆ.

ಟೈರಿನ ಮೈಮೇಲಿನ ಬರಹ

ಇಷ್ಟಾದ ಮೇಲೆ ಮೇಸ್ತ್ರಿಗಳು ಚಕ್ರದ ಮುಂದೆ ಕುಕ್ಕರಿಸಿದರು. ಅಲ್ಲಿಗೆ ನನಗೆ ತಾತ ನೆನಪಾದರು.

ಓಡುವ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯೂ ಸುಮಾರು ಒಂದು ಅಂಗೈ ಅಗಲ. ಬ್ರೇಕು ಎಷ್ಟೇ ಚೆನ್ನಾಗಿರಲಿ, ಅದು ಕಾರನ್ನು ನಿಲ್ಲಿಸುವುದು ಈ ನಾಲ್ಕು ಅಂಗೈಗಳ ಮೂಲಕವೇ. ಹೀಗಿದ್ದರೂ ಹತ್ತು ಜನ ಕೊಳ್ಳುವವರಲ್ಲಿ ಒಂಬತ್ತು ಮಂದಿ ಟೈರನ್ನು ಒಮ್ಮೆ ಕಾಲಿನಿಂದ ಒದ್ದು ಮುಂದಕ್ಕೆ ಹೋಗುತ್ತಾರೆ.

ಟೈರಿನ ಪಕ್ಕೆಯ ಮೇಲೆ ಅದರ ಜಾತಕವೆಲ್ಲ ಬರೆದಿರುತ್ತದೆ. ಓದಲು ತಿಳಿದಿರಬೇಕು, ಅಷ್ಟೆ. ಎಂ.ಜಿ.ಬಿ.ಗೆ ಮೊದಲು ಬಂದದ್ದು 14 ಅಂಗುಲದ ಚಕ್ರಕ್ಕೆ ಹಳೆಯ ಬಗೆಯ ಅಡ್ಡನೂಲಿನ ಟೈರು. ಬಳಿಕ ರೇಡಿಯಲ್ ಟೈರು ರೂಢಿಗೆ ಬಂದಿತು. ಅದರ ಅಳತೆಗಳಲ್ಲಿ ಒಂದು 165 ಆರ್ 14. ಇದರಲ್ಲಿ 165 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಆರ್ ಎಂದರೆ ರೇಡಿಯಲ್. 14 ಎಂಬುದು ಚಕ್ರದ ವ್ಯಾಸ, ಅಂಗುಲಗಳಲ್ಲಿ. ಹೊಸ ಟೈರುಗಳಲ್ಲಿ ಅಗಲದ ಪಕ್ಕದಲ್ಲಿ ಇನ್ನೊಂದು ಅಂಕಿ ಕಾಣುತ್ತದೆ: 70, 60 ಎಂದು. ಅದು ಪಕ್ಕೆಯ ಎತ್ತರ ಅಗಲದ ನೂರಕ್ಕೆ ಎಷ್ಟು ಪಾಲು ಎಂಬುದರ ಲೆಕ್ಕ. ಹಳೆಯ ಟೈರಿನಲ್ಲಿ ಆ ಅಂಕಿ ಇಲ್ಲದಿದ್ದರೆ ಸುಮಾರು 80 ಎಂದು ತಿಳಿಯಬೇಕು.

ಮನೆಯ ಮಕ್ಕಳೂ ಈ ಲೆಕ್ಕ ಮಾಡಬಹುದು. 165ರ ನೂರಕ್ಕೆ 80 ಪಾಲು 132. ಮೇಲೊಂದು ಕೆಳಗೊಂದು ಪಕ್ಕೆ ಸೇರಿ 264. ಹದಿನಾಲ್ಕು ಅಂಗುಲವೆಂದರೆ 356 ಮಿಲಿಮೀಟರು. ಒಟ್ಟು ಟೈರಿನ ಎತ್ತರ 620. ಇದರ ಬದಲು 185/70 ಟೈರು ಹಾಕಿದರೆ ಎತ್ತರ 615, ಹೆಚ್ಚು ವ್ಯತ್ಯಾಸವಿಲ್ಲ. ಆದರೆ 195/60 ಹಾಕಿದರೆ 590ಕ್ಕೆ ಇಳಿಯುತ್ತದೆ. ಕಾರು ನೆಲಕ್ಕೆ ಹದಿನೈದು ಮಿಲಿಮೀಟರು ಹತ್ತಿರವಾಗುತ್ತದೆ. ಚಕ್ರ ಚಿಕ್ಕದಾದ್ದರಿಂದ ಅಷ್ಟೇ ದಾರಿಗೆ ಹೆಚ್ಚು ಸುತ್ತು ತಿರುಗಬೇಕು. ಸ್ಪೀಡೋಮೀಟರು 60 ತೋರಿಸುವಾಗ ಕಾರು ನಿಜವಾಗಿ 57ರ ಸುಮಾರಿನಲ್ಲಿರುತ್ತದೆ. ಓಡಿದ ಮೈಲಿಯ ಲೆಕ್ಕವೂ ಉಬ್ಬುತ್ತದೆ. ಮೂಲದ ಅಳತೆಗಿಂತ ದೊಡ್ಡ ಟೈರು ಹಾಕಿದರಂತೂ ಮುಳ್ಳು ಕಡಿಮೆ ತೋರಿಸಿ ಯಜಮಾನನನ್ನು ದಂಡ ತೆರುವಂತೆ ಮಾಡೀತು.

ಅಗಲವಾದ ಟೈರು ನೆಲವನ್ನು ಹೆಚ್ಚು ಹಿಡಿದೀತೆಂಬ ಆಸೆಯಿಂದ ಕೆಲವರು ಅದನ್ನು ತೊಡಿಸುತ್ತಾರೆ. ಕಾಲಿಗಿಂತ ದೊಡ್ಡ ಜೋಡು ಮೆಟ್ಟಿದರೆ ನಡಿಗೆ ಚೆನ್ನಾಗಿರುವುದೇ? ಈ ಕಾರಿನಲ್ಲಿ ಹಿಂದಿನ ಚಕ್ರಕ್ಕೂ ಮಡ್‌ಗಾರ್ಡಿನ ಅಂಚಿಗೂ ಮೊದಲೇ ಜಾಗ ಕಡಿಮೆ. ಎಷ್ಟೋ ಕಾರುಗಳಲ್ಲಿ ಒಂದು ಬದಿಯಲ್ಲಿ ಇನ್ನೊಂದು ಬದಿಗಿಂತಲೂ ಇಕ್ಕಟ್ಟು. ಒಬ್ಬರೇ ಕುಳಿತು ನೇರ ರಸ್ತೆಯಲ್ಲಿ ಹೋದರೆ ಏನೂ ತಿಳಿಯದು; ಇಬ್ಬರು ಕುಳಿತು, ಪೆಟ್ಟಿಗೆ ಹೇರಿ, ತಿರುವಿನಲ್ಲಿ ಒಂದು ಹಳ್ಳಕ್ಕೆ ಬಿದ್ದಾಗ ತಗಡು ಟೈರಿನ ಪಕ್ಕೆಯನ್ನು ಹೆರೆಯುತ್ತದೆ. ಮೂಲದ ಚಕ್ರದ ರಿಮ್ಮು ನಾಲ್ಕೂವರೆ ಅಂಗುಲ ಅಗಲದ್ದಾಗಿದ್ದರೆ, ಅದಕ್ಕೆ 195ರ ಟೈರು ತೊಡಿಸಿದಾಗ ಪಕ್ಕೆಗಳು ಒಳಕ್ಕೆ ಎಳೆದುಕೊಂಡು ಟೈರು ಹೊಟ್ಟೆ ಬಂದಂತಾಗುತ್ತದೆ. ಸ್ಟೀರಿಂಗಿಗೆ ಯಂತ್ರದ ನೆರವಿಲ್ಲದ ಕಾರಾದ್ದರಿಂದ ನಿಲ್ಲಿಸುವಾಗ ತೋಳೂ ನೋಯುತ್ತದೆ.

ಕಡ್ಡಿಗಳ ಚಕ್ರವಿರುವ ಕಾರಾದರೆ ಇನ್ನೂ ಎರಡು ಮಾತು. ಸೈಕಲ್ಲಿನಂತೆ ಕಡ್ಡಿಗಳ ತುದಿ ರಿಮ್ಮನ್ನು ತೂರಿಬರುವುದರಿಂದ ಆ ಮೂಲ ಬಗೆಯ ಚಕ್ರದೊಳಗೆ ಟ್ಯೂಬು ಇರಲೇಬೇಕು. ಚಕ್ರವನ್ನು ಹಿಡಿದಿರುವುದು ಬೋಲ್ಟುಗಳಲ್ಲ, ಅಚ್ಚಿನ ತುದಿಯಲ್ಲಿರುವ ಸಣ್ಣ ಹಲ್ಲುಗಳು ಮತ್ತು ನಡುವಿನ ಒಂದೇ ದೊಡ್ಡ ತಿರುಪು. ಚಕ್ರವನ್ನು ಜಾಕಿಯಿಂದ ಎತ್ತಿ, ಒಬ್ಬರು ಬ್ರೇಕು ಒತ್ತಿ ಹಿಡಿದಿರಲು ಇನ್ನೊಬ್ಬರು ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಬೇಕು. ‘ಟಕ್’ ಎಂದರೆ ಹಲ್ಲು ಸವೆದಿದೆ.

ಹಲ್ಲಿದ್ದರೂ ಮುದಿ

ಎತ್ತಿಗೆ ಹಲ್ಲು ನೋಡಿ ವಯಸ್ಸು ಹೇಳಬಹುದು. ಟೈರಿಗೆ ಅದು ಸಾಗದು. ವರ್ಷಕ್ಕೆ ಐನೂರು ಮೈಲಿ ಓಡುವ ಕಾರಿನ ಟೈರು ಇಪ್ಪತ್ತು ವರ್ಷವಾದರೂ ಸವೆಯುವುದಿಲ್ಲ. ಆದರೆ ರಬ್ಬರು ಗಾಳಿಯಿಂದಲೂ ಬಿಸಿಲಿನಿಂದಲೂ ಒಣಗಿ ಬಿರುಸಾಗುತ್ತದೆ. ಅದನ್ನು ಕಾಪಾಡಲು ಬೆರೆಸಿರುವ ದ್ರವ್ಯಗಳು ಟೈರು ಉರುಳಿ ಮಿದಿದಾಗ ಮಾತ್ರ ಮೇಲ್ಮೈಗೆ ಚೆನ್ನಾಗಿ ಹರಡುತ್ತವೆ. ನಿಂತೇ ಇರುವ ಕಾರಿಗೆ ಆ ಲಾಭವೂ ಇಲ್ಲ. ಒಳಗಿನ ಪದರಗಳ ಹಿಡಿತ ಸಡಿಲವಾಗುವುದು ಹೊರಗೆ ಕಾಣುವುದಿಲ್ಲ.

ಇದು ಕೇವಲ ಅಂಜುಬುರುಕರ ಮಾತಲ್ಲ. 2012ರ ಸೆಪ್ಟೆಂಬರಿನಲ್ಲಿ, ಸಂಗೀತೋತ್ಸವ ಮುಗಿಸಿ ತರುಣರನ್ನು ಕರೆದುಕೊಂಡು ಹಿಂದಿರುಗುತ್ತಿದ್ದ ಬಸ್ಸೊಂದು ಸರ್ರೆ ಪ್ರಾಂತದ ಎ-3 ಹೆದ್ದಾರಿಯಲ್ಲಿ ಮರಕ್ಕೆ ಬಡಿಯಿತು. ಮೂವರು ಸತ್ತರು. ಸಿಡಿದುಹೋದ ಮುಂದಿನ ಟೈರಿಗೆ ಹತ್ತೊಂಬತ್ತು ವರ್ಷ ದಾಟಿತ್ತು. ಆ ಕಾಲದ ಕಾನೂನು ಟೈರಿನ ವಯಸ್ಸನ್ನು ಕೇಳುತ್ತಿರಲಿಲ್ಲ. ಮಗನನ್ನು ಕಳೆದುಕೊಂಡ ಫ್ರಾನ್ಸಿಸ್ ಮಲಾಯ್ ಎಂಬ ತಾಯಿ ವರ್ಷಾನುವರ್ಷ ಅಲೆದು, ವಾದಿಸಿ, ಬೇಡಿ, ಕೊನೆಗೆ ಕಾನೂನನ್ನು ತಿದ್ದಿಸಿದರು. 2021ರ ಫೆಬ್ರವರಿ 1ರಿಂದ ಬಸ್ಸು ಲಾರಿಗಳ ಮುಂದಿನ ಚಕ್ರಕ್ಕೆ ಹತ್ತು ವರ್ಷ ಮೀರಿದ ಟೈರು ನಿಷಿದ್ಧ. ಖಾಸಗಿ ಕಾರುಗಳಿಗೆ ಆ ನಿಯಮ ಅನ್ವಯಿಸದು. ಅಲ್ಲಿ ಕಾನೂನಿಗೆ ಬದಲಾಗಿ ಯಜಮಾನನ ವಿವೇಕವೇ ಇರಬೇಕು.

ವಯಸ್ಸು ತಿಳಿಯುವ ಬಗೆ ಹೀಗೆ. ಟೈರಿನ ಪಕ್ಕೆಯಲ್ಲಿ ಒಂದು ಚಿಕ್ಕ ಉದ್ದುರುಟು ಚೌಕದೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕಡೆಯೆರಡು ವರ್ಷ. 3507 ಎಂದರೆ 2007ನೆಯ ಇಸವಿಯ 35ನೆಯ ವಾರ. ಮೂರೇ ಅಂಕಿಗಳಿದ್ದರೆ ಅದು 2000ಕ್ಕೂ ಹಿಂದಿನದು. ಲೆಕ್ಕ ಹಾಕುವ ಶ್ರಮ ಬೇಡ. ನಾಲ್ಕು ಚಕ್ರವನ್ನೂ ಓದಬೇಕು. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯನ್ನು ಮರೆಯಬಾರದು. ಸಾಮಾನ್ಯವಾಗಿ ಅತ್ಯಂತ ವೃದ್ಧ ಅದೇ. ಮುಂದೆ ರೇಡಿಯಲ್, ಹಿಂದೆ ಅಡ್ಡನೂಲಿನ ಟೈರು ಇದ್ದರೆ ಹಾಗೆ ಓಡಿಸುವುದು ಅಲ್ಲಿ ಅಪರಾಧ. ತಿರುವಿನಲ್ಲಿ ಹಿಂಭಾಗ ಜಾರುವ ಅಪಾಯವೂ ಉಂಟು.

ಮೇಸ್ತ್ರಿಗಳು ದೀಪ ಹಿಡಿದು ಓದಿದರು. ಕೆಂಪು ಕಾರಿಗೆ ಅಗಲವಾದ ಹೊಸ ಚಕ್ರ ಹಾಕಿ 195/60 ಟೈರು ತೊಡಿಸಿದ್ದರು. ಎಡಗಡೆಯ ಹಿಂದಿನ ಟೈರಿನ ಪಕ್ಕೆಯಲ್ಲಿ ಸುತ್ತಲೂ ಒಂದು ಹೊಳೆಯುವ ಗೀರು. ಮುಂದಿನೆರಡರ ಮೇಲೆ 2206. ನಾನು ಬೆರಳು ಮಡಿಚಿ ಎಣಿಸಿದೆ. ಮುಂದಿನ ಟೈರುಗಳು ನನ್ನ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳಿಗಿಂತ ಹಿರಿಯವು.

“ಒಂದು ಚೂರೂ ಸವೆದಿಲ್ಲವಲ್ಲ!” ಎಂದರು ಕಾರಿನ ಯಜಮಾನರು. ಅವರು ಮೋಸಗಾರರಲ್ಲ. ಪ್ರತಿ ಭಾನುವಾರ ಕಾರನ್ನು ತೊಳೆದು ಒರೆಸುವ ಸಂಭಾವಿತ ವೃದ್ಧರು. ಮೇಸ್ತ್ರಿಗಳು ಟೈರನ್ನು ಹೆಬ್ಬೆರಳಿನಿಂದ ಒತ್ತಿ ಅಗಲಿಸಿದರು. ಗೆರೆಗಳ ತಳದಲ್ಲಿ ಬೇಸಿಗೆಯ ಕೆರೆಯ ಅಂಗಳದಂತೆ ಬಿರುಕುಗಳು ತೆರೆದುಕೊಂಡವು. ವೃದ್ಧರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. “ಹೋದ ವಾರ ಮೊಮ್ಮಗಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗಿದ್ದೆ” ಎಂದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹಸಿರು ಕಾರು

ಟೈರು ಬದಲಾಯಿಸಿದರೆ ಮುಗಿಯಿತಲ್ಲ ಎಂದು ವಾಚಕರು ಕೇಳಬಹುದು. ಕೇವಲ ಟೈರಿನ ಮಾತಾಗಿದ್ದರೆ ಸರಿ. ಆದರೆ ಚಕ್ರವನ್ನೂ ಬದಲಿಸಬೇಕು. ಮೇಲಾಗಿ, ಇಪ್ಪತ್ತು ವರ್ಷ ಯಾರೂ ಟೈರನ್ನು ನೋಡಿಲ್ಲವೆಂದರೆ ಬ್ರೇಕಿನ ರಬ್ಬರು ಕೊಳವೆಗಳನ್ನೂ ಕಿಂಗ್‌ಪಿನ್ನಿನ ಗ್ರೀಸನ್ನೂ ನೋಡಿದ್ದಾರೆಂದು ನಂಬುವುದು ಹೇಗೆ? ರಿಪೇರಿಯ ಒಂದು ರಸೀತಿಯೂ ಅವರಲ್ಲಿರಲಿಲ್ಲ. ಟೈರು ತಾನೊಂದೇ ಕೆಟ್ಟಿರುವುದಿಲ್ಲ. ಮನೆಯವರ ಗಮನ ಎಲ್ಲಿಯವರೆಗೆ ಹೋಗಿತ್ತೆಂಬುದನ್ನೂ ಅದು ಹೇಳುತ್ತದೆ.

ಅಂದು ಹಿಂದಿರುಗುವಾಗ ಭಾವಮೈದುನ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಗಳು ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಹೇಳುವುದೇ ಆ ದಿನದ ಕಷ್ಟದ ಕೆಲಸವಾಯಿತು.

ಮೂರು ವಾರದ ಮೇಲೆ ಇನ್ನೊಂದು ಸಿಕ್ಕಿತು: 1972ರ ಜಿ.ಟಿ. ಬಣ್ಣ ಮಾಸಿದ ಹಸಿರು; ಆಸನದ ಚರ್ಮ ಎರಡು ಕಡೆ ಹರಿದಿತ್ತು. ಆದರೆ ಅದರ ಯಜಮಾನರು ಮೊದಲು ಕೈಗೆ ಕೊಟ್ಟದ್ದು ಬೀಗದ ಕೈಯನ್ನಲ್ಲ, ರಸೀತಿಗಳ ದಪ್ಪ ಕಟ್ಟನ್ನು. ಹೊಸ್ತಿಲು ಬದಲಾಯಿಸಿದ ವರ್ಷ, ವಾಲ್ವಿನ ಪೀಠ, ಗ್ರೀಸು ತುಂಬಿದ ತಾರೀಖು ಎಲ್ಲವೂ ಅಲ್ಲಿತ್ತು. ಟೈರಿನ ಅಳತೆ ಸರಿಯಾಗಿ 165. ವಯಸ್ಸು ಒಂಬತ್ತು ವರ್ಷ. “ಇವುಗಳ ಕಾಲ ಮುಗಿಯಿತು. ಐದರ ಬೆಲೆಯನ್ನೂ ಮುರಿದುಕೊಂಡು ಕೊಡಿ” ಎಂದು ಅವರೇ ಹೇಳಿದರು. ಹೊಸ ಟೈರು ಹಾಕಿಸಿದ ಮೇಲೆಯೇ ಕಾರು ಮನೆಗೆ ಬಂದಿತು. ಹಿಂದಿನ ಪುಟ್ಟ ಆಸನ ತನ್ನ ಅಳತೆಗೇ ಮಾಡಿದ್ದೆಂದು ಹುಡುಗಿ ತೀರ್ಮಾನಿಸಿ, ಕೆಂಪು ಕಾರಿಗೆ ಇಟ್ಟ ಹೆಸರನ್ನು ಹಸಿರಿಗೆ ವರ್ಗಾಯಿಸಿದಳು.

ಮೈಸೂರಿನಿಂದ ಅತ್ತೆಯವರು ದೂರವಾಣಿಯಲ್ಲಿ ಮಗನನ್ನು ಕೇಳಿದರಂತೆ: “ಅಷ್ಟು ದೂರ ಹೋಗಿ, ಅಷ್ಟು ದುಡಿದು, ನಿನಗಿಂತ ವಯಸ್ಸಾದ ಕಾರು ಕೊಂಡೆಯೇನೋ?” ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಗೆ ಹಳೆಯ ಕಾರು ಕೊಂಡು ನೋಡು ಎಂದೂ ಸೇರಿಸಬಹುದೇನೋ. ಕೊಂಡ ದಿನ ಕೊಡುವ ಹಣ ಮುಂಗಡ ಮಾತ್ರ. ಮಿಕ್ಕ ಬೆಲೆಯನ್ನು ವರ್ಷಾನುವರ್ಷ ಗಮನದ ರೂಪದಲ್ಲಿ ಸಲ್ಲಿಸಬೇಕು.

ನಾವು ಊರಿಗೆ ಹೊರಡುವ ಹಿಂದಿನ ಸಂಜೆ ಕೆಂಪು ಕಾರಿನ ವೃದ್ಧರು ಭಾವಮೈದುನನಿಗೆ ಫೋನು ಮಾಡಿದರು. ಕಾರನ್ನು ಮಾರುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದಾರಂತೆ. ಮೂಲದ ಅಳತೆಯ ಚಕ್ರ ಹುಡುಕಿಸಿ, ಐದು ಹೊಸ ಟೈರು ಹಾಕಿಸಿದರಂತೆ. ಮೊಮ್ಮಗಳು ಮತ್ತೆ ರಜೆಗೆ ಬರುವವಳಿದ್ದಾಳೆ ಎಂದರಂತೆ.